ಪೆಟ್ಟು ಬಿದ್ದ ಹಣ್ಣಿನ ಮನೆ

ನನ್ನ ಭಾವ ಮನೆಗಳಿಗೆ ಬಣ್ಣ ಬಳಿಯುವವರು. ಏಣಿಯ ತುದಿಯಲ್ಲಿ ನಿಂತು ಗೋಡೆ ಉಜ್ಜುವಾಗಲೂ ಅವರ ಕಣ್ಣು ಪಕ್ಕದ ಮನೆಯ ಹಿತ್ತಿಲ ಮೇಲೇ. ಅಲ್ಲೊಂದು ಸೀಬೆ, ಇಲ್ಲೊಂದು ಅಂಜೂರ, ಹಣ್ಣಾಗಿ ಉದುರಿ ನೊಣ ಮುತ್ತಿಕೊಂಡಿರುತ್ತವೆ. ಹತ್ತುವವರಿಲ್ಲ, ಕೀಳುವವರಿಲ್ಲ. ಅದನ್ನು ಕಂಡು ಭಾವ ಬಿಡುವ ನಿಟ್ಟುಸಿರು ಕೇಳಬೇಕು. ನಾನು ಜ್ವರ ಬಂದು ಮಲಗಿದ್ದಾಗಲೂ ಅಷ್ಟು ಮರುಗಿರಲಿಲ್ಲ ಮನುಷ್ಯ.

ಹಾಗಾಗಿ ಭಾನುವಾರ ಬಂತೆಂದರೆ ಅದೇ ಏಣಿ, ತುದಿಗೆ ಬಲೆಚೀಲ ಕಟ್ಟಿದ ದೋಟಿ, ನೆಲಕ್ಕೆ ಬಣ್ಣ ಬೀಳದಂತೆ ಹಾಸುವ ಹಳೆಯ ದುಪ್ಪಟಿ ಹೊತ್ತು ಹೊರಡುತ್ತಾರೆ. ಜೊತೆಗೆ ಒಬ್ಬ ನಿವೃತ್ತ ಕಂಡಕ್ಟರು, ಬೀದಿಯ ಕೊನೆಯ ಬೇಕರಿಯವರು, ದುಪ್ಪಟಿಯ ಒಂದು ಮೂಲೆ ಹಿಡಿಯಲು ನಾನು. ಕೂಲಿಯಿಲ್ಲ. ಕಿತ್ತದ್ದರಲ್ಲಿ ಸ್ವಲ್ಪ ಮರದ ಯಜಮಾನರಿಗೆ, ಉಳಿದ ಒಳ್ಳೆಯದೆಲ್ಲ ಆಸ್ಪತ್ರೆಯ ಅಡುಗೆಮನೆಗೆ. ಪೆಟ್ಟು ಬಿದ್ದದ್ದು ನಾಳೆಯವರೆಗೆ ತಡೆಯುವುದಿಲ್ಲ, ಅದು ಕಿತ್ತವರಿಗೆ. ಈ ಕಾನೂನು ಭಾವನದ್ದೇ. ಮಾಡಿದವರೇ ಮೊದಲು ಪಾಲಿಸಬೇಕೆಂದು, ಇರುವುದರಲ್ಲಿ ಅತಿ ಹೆಚ್ಚು ಜಜ್ಜಿಹೋದದ್ದನ್ನು ಹುಡುಕಿ ಹುಡುಕಿ ತಾವು ಮನೆಗೆ ತರುತ್ತಾರೆ.

ಹೀಗಾಗಿ ಅಕ್ಕನ ಮನೆಯಲ್ಲಿ ಹಣ್ಣು ಬಂತೆಂದರೆ ಮೊದಲು ಚಾಕು ಬರಬೇಕು. ಕಪ್ಪಾದದ್ದನ್ನು ಕೆತ್ತಿ, ಕೊಳೆತದ್ದನ್ನು ತೆಗೆದು, ಏನಾದರೂ ಉಳಿದರೆ ತಿನ್ನುವುದು. ಅವಳ ಮಗಳು ಚಿಕ್ಕವಳಿದ್ದಾಗ ಗೆಳತಿಯ ಮನೆಯಲ್ಲಿ ಒಂದು ಇಡೀ ಸೀಬೆಹಣ್ಣು ಕೊಟ್ಟರೆ, "ಇದರಲ್ಲಿ ಬಿಸಾಡೋದು ಯಾವ ಕಡೆ?" ಎಂದು ಕೇಳಿದ್ದಳು. ಅವತ್ತು ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಅಂಗಡಿಯಲ್ಲಿ ಕೊಂಡು ತರೋಣವೆಂದರೆ, ಇಡೀ ಬಡಾವಣೆಗೆ ಹಣ್ಣು ಕಿತ್ತು ಹಂಚುವವರ ಹೆಂಡತಿ ಹಣ್ಣಿನಂಗಡಿಯ ಮುಂದೆ ನಿಂತರೆ ನಾಲ್ಕು ಜನ ನಗುವುದಿಲ್ಲವೇ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಕ್ಕ ಗೊಣಗುತ್ತಾಳೆ. ಜಾಮ್ ಮಾಡಬಹುದಲ್ಲ ಎನ್ನುತ್ತಾರೆ ಭಾವ. ಒಲೆಯ ಮುಂದೆ ನಿಂತು ಅದನ್ನು ಕಲಕುವವರು ಯಾರೆಂದು ಅವರು ಯೋಚಿಸಿದ್ದನ್ನು ನಾನಂತೂ ಕಂಡಿಲ್ಲ.

ಈ ಸಲ ಸೀಬೆ ಹಣ್ಣಾಗುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ಏಣಿಗೆ ಅಡ್ಡ ನಿಂತಳು.

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದೇ ಒಂದು ಇಡೀ ಹಣ್ಣು ತಂದು ನನ್ನ ಕೈಗಿಟ್ಟಿದ್ದೀರಾ? ಇವತ್ತು ಬರಲಿಲ್ಲ ಅಂದ್ರೆ ಮುಂದಿನ ವಾರದಿಂದ ಈ ಏಣಿ ಹೊರಗೆ ಹೋಗಲ್ಲ."

ಭಾವ ಪೇಚಿಗೆ ಸಿಕ್ಕಿಕೊಂಡರು. ಆಸ್ಪತ್ರೆಯ ಪಾಲಿಗೆ ಕೈ ಹಾಕುವುದು ಅವರ ಲೆಕ್ಕದಲ್ಲಿ ಕಳ್ಳತನ. ಅಕ್ಕನ ಮಾತು ಮೀರುವುದು ಯಾರ ಲೆಕ್ಕದಲ್ಲೂ ಕ್ಷೇಮವಲ್ಲ. ಕೊನೆಗೆ, ನೀನೇ ಬಂದು ನೋಡು ಎಂದುಬಿಟ್ಟರು. ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅವತ್ತು ಹಲ್ಲಿನ ಡಾಕ್ಟರ ಹಿತ್ತಿಲಿನ ಸೀಬೆಮರ. ಆ ವಾರ ಭಾವನಿಗೆ ಮಂಡಿನೋವು, ಹಾಗಾಗಿ ಏಣಿ ಹತ್ತಿದವಳು ಅಕ್ಕ. ನಾವು ನಾಲ್ವರು ಕೆಳಗೆ ದುಪ್ಪಟಿಯ ಮೂಲೆಗಳನ್ನು ಹಿಡಿದೆವು. ತುದಿಯ ಕೊಂಬೆಯಲ್ಲಿ ಒಂದು ಹಣ್ಣಿತ್ತು, ಹಳದಿಗೆ ತಿರುಗಿ ಮುಷ್ಟಿಯಷ್ಟು ದಪ್ಪ. ಅಕ್ಕ ಅದನ್ನು ಕಿತ್ತು ಮೂಸಿದಳು. ಒಮ್ಮೆ ನಮ್ಮ ದುಪ್ಪಟಿ ನೋಡಿದಳು, ಒಮ್ಮೆ ಪಕ್ಕದ ಕಲ್ಲುಚಪ್ಪಡಿ ನೋಡಿದಳು. ಆಮೇಲೆ ಕೈಯನ್ನು ಚಪ್ಪಡಿಯ ಕಡೆ ಚಾಚಿ ಹಣ್ಣನ್ನು ಬಿಟ್ಟಳು. ನನಗೆ ತಕ್ಷಣ ಅರ್ಥವಾಯಿತು. ಬಿದ್ದರೆ ಪೆಟ್ಟು, ಪೆಟ್ಟಾದರೆ ಕಾನೂನಿನ ಪ್ರಕಾರ ನಮ್ಮದು. ಒಂದು ಮಗ್ಗುಲು ಹೋದರೂ ಮೂರು ಮಗ್ಗುಲು ಉಳಿಯುತ್ತವೆ. ನನ್ನ ಅಕ್ಕ ದಡ್ಡಿಯಲ್ಲ.

ಆದರೆ ಭಾವ ಜೀವಮಾನವಿಡೀ ಮೇಲಿನಿಂದ ಜಾರಿದ ಬ್ರಷ್ಷುಗಳನ್ನು ಹಿಡಿದವರು. ಮಂಡಿನೋವನ್ನೂ ಮರೆತು ಹಾರಿ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದೇಬಿಟ್ಟರು. ಅಕ್ಕನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಭಾವ ಆಸ್ಪತ್ರೆಯ ಬುಟ್ಟಿಯ ಕಡೆ ಎರಡು ಹೆಜ್ಜೆ ಇಟ್ಟರು. ಮೇಲಿನಿಂದ ಬೈಗುಳ ಬರಬೇಕಿತ್ತು, ಬರಲಿಲ್ಲ. ತಲೆಯೆತ್ತಿ ನೋಡಿದರೆ ಅಕ್ಕ ಮರದ ಕಡೆ ಮುಖ ತಿರುಗಿಸಿಕೊಂಡು ಮುಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೂಗಾಡುವ ಅಕ್ಕ ನನಗೆ ಗೊತ್ತು, ಈ ಅಕ್ಕ ಗೊತ್ತಿರಲಿಲ್ಲ.

"ಇದಕ್ಕೆ ಪೆಟ್ಟು ಬಿದ್ದಿದೆ" ಎಂದರು ಭಾವ.

ಹುಟ್ಟಿದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಿವಿಗಳು ಕೆಂಪಾದವು. ಕಂಡಕ್ಟರು ಹಣ್ಣನ್ನು ತೆಗೆದುಕೊಂಡು, ಹರಿದ ನೋಟು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿ, ಹೌದು, ಜೋರಾಗಿಯೇ ಬಿದ್ದಿದೆ ಎಂದರು. ಬೇಕರಿಯವರು ತಮಗೆ ಅಲ್ಲಿಂದಲೇ ಕಾಣುತ್ತಿದೆ ಎಂದರು.

ಅಕ್ಕ ಇಳಿದು ಬಂದು ಹಣ್ಣನ್ನು ತೆಗೆದುಕೊಂಡಳು. ಹಣ್ಣಿನ ಮೇಲೆ ಒಂದು ಗೀರೂ ಇರಲಿಲ್ಲ. ಏಣಿಯ ಬುಡದಲ್ಲೇ ನಿಂತು ಕಚ್ಚಿದಳು. ಇನ್ನೊಮ್ಮೆ ಕಚ್ಚುವ ಮೊದಲು ಏನೋ ಹೊಳೆದವಳಂತೆ ಗಂಡನ ಮುಖ ನೋಡಿದಳು.

"ಇಂಥದ್ದು ನೀವು ಯಾವಾಗ ತಿಂದಿದ್ರಿ?"

ಭಾವ ಯೋಚಿಸಿದರು. ಅದೇ ಮನೆಯಲ್ಲಿ, ಅದೇ ಚಾಕುವಿನಿಂದ ಕೆತ್ತಿದ್ದನ್ನೇ ಅವರೂ ತಿನ್ನುತ್ತಿದ್ದರೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬಹುಶಃ ಅವರಿಗೂ ಹೊಳೆದಿರಲಿಲ್ಲ. ಅಕ್ಕ ಉಳಿದ ಹಣ್ಣನ್ನು ಅವರ ಕೈಯಲ್ಲಿಟ್ಟಳು. ಭಾವ ಕಣ್ಣು ಮುಚ್ಚಿ ಬೀಜ ಸಮೇತ ತಿಂದು ಮುಗಿಸಿದರು. ಆಮೇಲೆ ಏಣಿಯನ್ನು ಭದ್ರವಾಗಿ ಹಿಡಿದುಕೊಂಡು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದರು.

"ಇನ್ನೊಂದು ಬೀಳಿಸ್ತೀಯಾ?"