ಡಬ್ಬಿ ತಳದ ಸೇವು

ಎರಡು ವರ್ಷದ ಹಿಂದಿನ ಮಾತು. ಪಂಚಮಿ ಹಬ್ಬಕ್ಕೆ ಮೂರು ದಿನ ಇತ್ತು. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದರು. ಅಷ್ಟರಲ್ಲಿ ದೇವದುರ್ಗದಿಂದ ಅವರ ಅಣ್ಣನ ಫೋನು ಬಂತು. “ನಾಳಿ ಬರ್ತೀನಿ” ಎಂದಷ್ಟೇ ಹೇಳಿ ಇಟ್ಟರಂತೆ. ನನ್ನ ಮದುವೆಯಲ್ಲಿ ತನ್ನನ್ನು ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲವೆಂದು ಮುನಿಸಿಕೊಂಡು ಹೋದ ಆ ಮಾವ, ಆರು ವರ್ಷ ನಮ್ಮ ಮಾನ್ವಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ.

“ಅಣ್ಣಗ ಸೇವಿನ ಬಿಸ್ಕೀಟ್ ಮಾಡಿಸಬೇಕವಾ. ಅದನ್ನ ತಿಂದ್ರ ಸಿಟ್ಟು ಬಿಡ್ತಾನ” ಎಂದರು ಅತ್ತೆ.

ಅದು ಅವರ ತವರಿನ ತಿಂಡಿ. ಮೈದಾ, ಡಾಲ್ಡಾ, ಸಕ್ಕರೆ, ಖಾರದ ಸೇವು ಒಯ್ದು ಕೊಟ್ಟರೆ ಬೇಕರಿಯ ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಾರೆ. ಇಷ್ಟು ವರ್ಷ ಅತ್ತೆ ಒಬ್ಬರೇ ಹೋಗಿ ಬರುತ್ತಿದ್ದರು, ನನ್ನನ್ನು ಹತ್ತಿರ ಸೇರಿಸಿದವರಲ್ಲ. ಸಿಕ್ಕ ಅವಕಾಶ ನಾನು ಬಿಡುತ್ತೇನೆಯೇ? ಆಗತಾನೇ ಕರಿದ ಗರಿಗರಿ ಸೇವು ತಂದು ಹೆಮ್ಮೆಯಿಂದ ತೋರಿಸಿದೆ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಆಮೇಲೆ “ಹೋಗಿ ಬಾ” ಎಂದು ಗೋಡೆ ಕಡೆ ತಿರುಗಿದರು.

ಭಟ್ಟಿಯ ಚಾಚಾ ಒಂದೆಳೆ ಸೇವು ಮುರಿದು ನೋಡಿದರು.

“ಇದು ಹೊಸಾದು ಬೇಟಿ. ಭಟ್ಟಿಯಾಗ ಕರ್ರಗಾಗಿ ಕಹಿ ಬರ್ತದ. ನಿಮ್ಮ ಅತ್ತಿಯವ್ರು ಡಬ್ಬಿ ತಳದಾಗ ಉಳಿದು ಮೆತ್ತಗಾದ ಸೇವು ತರ್ತಾರ, ಸೆರಗಿನಾಗ ಮುಚ್ಚಿಕೊಂಡು. ಯಾಕಂತ ನಾನು ಕೇಳಿಲ್ಲ, ಅವರು ಹೇಳಿಲ್ಲ.”

ಚಾಚಾನೇ ಕುದಿಯುವ ನೀರಿನ ಮೇಲೆ ಜರಡಿ ಇಟ್ಟು, ಉಗಿಯಲ್ಲಿ ಸೇವನ್ನು ಮೆತ್ತಗೆ ಮಾಡಿ, ಹಿಟ್ಟಿಗೆ ಕಲಸಿ ಒಳಗಿಟ್ಟರು. ನಾನು ಬೆಂಚಿನ ಮೇಲೆ ಕುಳಿತೆ. ಭಟ್ಟಿಯ ಬಿಸಿಗೆ ಕಣ್ಣು ಎಳೆಯತೊಡಗಿದವು. ಸಕ್ಕರೆಯ ಸಿಹಿ ವಾಸನೆ, ಅದರ ಹಿಂದೆಯೇ ಅಜವಾನದ ಘಮ. ನಿದ್ದೆಯೋ ಎಚ್ಚರವೋ ತಿಳಿಯದು, ಪರಕಾರ ಉಟ್ಟ ಹುಡುಗಿಯೊಬ್ಬಳು ಡಬ್ಬಿ ಬೋರಲು ಮಾಡಿ ತಳ ಬಡಿಯುತ್ತಿದ್ದಳು. ಅವಳಣ್ಣ ಎರಡೂ ಅಂಗೈ ಒಡ್ಡಿ ನಿಂತಿದ್ದ. ಮುಖ ಕಾಣಲಿಲ್ಲ, ಆದರೆ ಹುಡುಗಿಯ ಬಲಗೈಗೆ ಪ್ಲಾಸ್ಟರ್ ಇತ್ತು.

“ಬೇಟಿ, ಡಬ್ಬಿ ಹಿಡಿ” ಎಂದು ಚಾಚಾ ಎಬ್ಬಿಸಿದರು. ಬಿಸಿ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಆ ಕನಸು ಜೊತೆಗೇ ನಡೆದು ಬಂದ ಹಾಗಿತ್ತು.

ಮರುದಿನ ಮಾವ ಬಂದರು. ಮಂಚದ ತುದಿಯಲ್ಲಿ ಕುಳಿತರು, ನೀರು ಕೊಟ್ಟರೂ ಮುಟ್ಟಲಿಲ್ಲ. ಅತ್ತೆ ಎಡಗೈಯಿಂದ ತಟ್ಟೆ ಚಾಚಿದರು. ಮಾವ ಒಂದು ತುಂಡು ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

“ತಂಗೀ, ಮೆತ್ತಗಾದ ಸೇವಿಂದೇ ಮಾಡಿಸೀಯಲ್ಲ! ಯವ್ವ ಮಿಲ್ ಸಾವ್ಕಾರ್ರ ಮನ್ಯಾಗ ಮುಸುರಿ ತಿಕ್ಕಿ, ಡಬ್ಬಿ ತಳದಾಗ ಉಳಿದ ಸೇವು ಕಟ್ಟಿಕೊಂಡು ಬರ್ತಿದ್ದಳಲ್ಲ, ಅದ ರುಚಿ!”

ಅತ್ತೆಯ ತಲೆ ತಗ್ಗಿತು. ಇಷ್ಟು ವರ್ಷ ಸೆರಗಿನಲ್ಲಿ ಮುಚ್ಚಿಟ್ಟದ್ದು ಸೊಸೆಯ ಎದುರು ಬಯಲಾಗಿತ್ತು. ನಾನು ಬಿಸ್ಕೀಟಿನ ಡಬ್ಬಿ ಎತ್ತಿಕೊಂಡೆ.

“ಹೊಸಾ ಸೇವು ಹಾಕಿದ್ರ ಕಹಿ ಆಗ್ತದಲ್ರೀ ಮಾವಾ. ಮೆತ್ತಗಿದ್ರನ ಚಲೋ” ಎಂದು ಇನ್ನೆರಡು ಬಿಸ್ಕೀಟು ಅವರ ತಟ್ಟೆಗೆ ಹಾಕಿದೆ.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಆರು ವರ್ಷದಲ್ಲಿ ಅವರು ಹಾಗೆ ನೋಡಿದ್ದು ಅದೇ ಮೊದಲು.

ಮಾವ ಐದು ತಿಂದರು. ಕೊನೆಗೆ ನೀರು ಕುಡಿದು, “ಪಂಚಮಿಗೆ ಕರ್ಕೊಂಡು ಹೋಗಾಕ ಬಂದೀನಿ, ತಯಾರಾಗು. ಈ ಸೊಸಿನೂ ಬರ್ಲಿ. ಊಟಕ್ಕ ಏಳ್ರಿ ಅಂತ ನಾನ ಕರೀತೀನಿ” ಎಂದು ಚುಚ್ಚಿ ನಕ್ಕರು. ಅತ್ತೆ ನಗುತ್ತಲೇ ಅತ್ತುಬಿಟ್ಟರು.

ಈಗ ಅತ್ತೆಯ ಕೈ ನೆಟ್ಟಗಾಗಿದೆ. ಭಟ್ಟಿಗೆ ಇಬ್ಬರೂ ಹೋಗುತ್ತೇವೆ. ಮನೆಗೆ ಹೊಸ ಸೇವು ತಂದ ದಿನ ಗಾಳಿಗೆ ಮೆತ್ತಗಾದೀತೆಂದು ನಾನು ಅಭ್ಯಾಸಬಲದಿಂದ ಡಬ್ಬಿ ಮುಚ್ಚಲು ಹೋದರೆ ಅತ್ತೆ ತಡೆಯುತ್ತಾರೆ:

“ತೆರದ ಇರ್ಲಿ ಬಿಡವಾ.”