ಇಬ್ಬರು ವೇಬರ್‌ಗಳು

ಕ್ಯಾಂಪಿನ ಲಾಂಡ್ರಿಯವನು ಈ ಸಲ ನನ್ನ ಅಂಗಿಗೆ ಗಂಜಿ ಹೆಚ್ಚೇ ಹಾಕಿದ್ದಾನೆ. ಮಡಿಕೆ ಬಿಡಿಸಿದ್ದೇ, ನೂಲಿಗೆ ಗಂಜಿ ಹಾಕುತ್ತಿದ್ದ ಅಪ್ಪನ ಮಗ್ಗದ ಕೋಣೆಯ ವಾಸನೆ ಬಂತು. ಸೌದಿಯ ರಾಬಿಗ್‌ನ ರಿಫೈನರಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಮೂಗಿಗೆ ಎಣ್ಣೆ ವಾಸನೆ ಬಿಟ್ಟು ಬೇರೇನೂ ಹತ್ತುವುದಿಲ್ಲ ಅಂದುಕೊಂಡಿದ್ದೆ. ಮಂಚದ ಮೇಲೆ ಕೂತುಬಿಟ್ಟೆ. ಈಚೆಗೆ ನನಗೆ ಕೂರುವುದಕ್ಕೆ ದೊಡ್ಡ ಕಾರಣ ಬೇಡ.

ನಾವು ಶೆಟ್ಟಿಗಾರರು, ನೇಕಾರರು. ನನಗೆ ಮಾತ್ರ ಕಿತ್ತುಬಂದ ಗುಂಡಿ ಹೊಲಿಯಲಿಕ್ಕೂ ಬರುವುದಿಲ್ಲ. ಇದನ್ನು ಒಮ್ಮೆ ಹೇಳಿದಾಗ ಜೋರಾಗಿ ನಕ್ಕವನು ಜರ್ಮನಿಯ ಇಂಜಿನಿಯರ್ ವೇಬರ್, ಬಿಸಿಲಿಗೆ ಮೂಗು ಸುಲಿದ ತೆಳ್ಳಗಿನ ಮನುಷ್ಯ. "ನನ್ನ ಹೆಸರಿಗೂ ಅದೇ ಅರ್ಥ. ವೇಬರ್ ಅಂದರೆ ನೇಯುವವನು," ಅಂದ. ಹಿಂದೆ ಅವರ ಹಳ್ಳಿಗಳಲ್ಲಿ ಒಂದೇ ಹೆಸರಿನವರು ಎಷ್ಟೋ ಮಂದಿ. ಯಾವ ಯೋಹಾನ್ ಅಂದರೆ ಮಗ್ಗದ ಯೋಹಾನ್, ಗಿರಣಿಯ ಯೋಹಾನ್. ಕೆಲಸವೇ ಗುರುತಾಗಿ, ಆ ಗುರುತು ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡಿತಂತೆ. ಬಟ್ಟೆ ಎಲ್ಲ ಊರಿಗೂ ಬೇಕಲ್ಲ, ಹಾಗಾಗಿ ಊರೂರಿಗೂ ವೇಬರ್‌ಗಳು. "ಗುರುತಿಗಂತ ಇಟ್ಟ ಹೆಸರು, ಈಗ ಅದರಿಂದ ಯಾರ ಗುರುತೂ ಸಿಗುವುದಿಲ್ಲ, ಮಾರಾಯ," ಅಂದ. ಕೊನೆಯ ಪದವೊಂದನ್ನು ನಮ್ಮಿಂದ ಕಲಿತಿದ್ದ.

ನಮ್ಮಲ್ಲೇ ಇನ್ನೊಬ್ಬ ವೇಬರ್ ಇದ್ದ. ಸಂಬಂಧಿಯಲ್ಲ. ಬಾಯ್ಲರ್ ವಿಭಾಗದವ, ವಯಸ್ಸಾದವ, ಮಾತು ಕಡಿಮೆ. ಒಂದು ಆಗಸ್ಟಿನ ಮಧ್ಯಾಹ್ನ ಎದೆ ಹಿಡಿದು ಕುಸಿದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಗಡಿಬಿಡಿಯಲ್ಲಿ ಆಫೀಸಿನಿಂದ ಯಾರೋ ಜರ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದರು. ಫೋನ್ ಎತ್ತಿದವಳು ನನ್ನ ಗೆಳೆಯ, ಆ ಮೊದಲಿನ ವೇಬರ್‌ನ ಹೆಂಡತಿ.

ತಪ್ಪು ತಿಳಿದದ್ದೇ ಗೆಳೆಯ ಸೈಟಿನಿಂದ ಓಡಿಬಂದ. ಫೋನು ಹಿಡಿದು "ನಾನು, ನಾನು" ಅನ್ನುತ್ತಲೇ ಇದ್ದ. ಆ ಕಡೆಯಿಂದ ಅಳು, ನಗು, ಮತ್ತೆ ಅಳು. ಮಾತು ಮುಗಿಸಿ ನೆಲದ ಮೇಲೇ ಕೂತ.

"ಎಂತ ಹೇಳಿದರು?" ಕೇಳಿದೆ.

"ದೇವರು ದೊಡ್ಡವನು ಅಂದಳು. ಮರುಗಳಿಗೆಗೇ, ಹಾಗಾದರೆ ಆ ಇನ್ನೊಬ್ಬಳಿಗೆ ಗೊತ್ತಾ ಅಂತ ಕೇಳಿದಳು. ಇಲ್ಲ ಅಂದೆ. ನೀನೇ ಹೇಳು, ಮೆಲ್ಲಗೆ ಹೇಳು ಅಂದಳು."

ಅವನೇ ಹೇಳಿದ. ಗೋಡೆಗೆ ಮುಖ ಮಾಡಿ ನಿಂತು, ಫೋನಿನಲ್ಲಿ ಮೊದಲು ಮನೆತನದ ಹೆಸರು ಹೇಳುವ ಅವರ ಅಭ್ಯಾಸದಂತೆ "ವೇಬರ್" ಎಂದು ಶುರುಮಾಡಿದವನು ಅಲ್ಲೇ ತಡವರಿಸಿದ. ತನ್ನ ಗಂಡನೇ ಫೋನ್ ಮಾಡಿದನೆಂದು ಸತ್ತವನ ಹೆಂಡತಿ ಖುಷಿಯಿಂದ ಮಾತಾಡತೊಡಗಿದಳಂತೆ.

ತಿಂಗಳು ತುಂಬುವ ಮೊದಲೇ ಅವನು ಕೆಲಸ ಬಿಟ್ಟು ಊರಿಗೆ ಹೊರಟ. "ಅವಳು ಒಮ್ಮೆ ವಿಧವೆಯಾದದ್ದು ಸಾಕು," ಅಂದ. ನಾನು ಉಳಿದೆ. ಮಗಳ ಓದು, ಮನೆಯ ತಾರಸಿ, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ ಇದೊಂದು ಸಲ ನವೀಕರಿಸಿದರೆ ಸಾಕು ಅನ್ನುತ್ತಾ. ನಿಮಗೂ ಇಂಥ ಲೆಕ್ಕ ಗೊತ್ತಿರಬಹುದು.

ಇವತ್ತು ಕೂತಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. "ಈ ಸಲ ಊರಿಗೆ ಬಂದರೆ ಮತ್ತೆ ಇಲ್ಲಿಗೆ ವಾಪಸಾಗುವುದಿಲ್ಲ," ಅಂದೆ.

ಆ ಕಡೆಯಿಂದ ಏನೋ ಸರಿಸಿದ ಸದ್ದು ಬಂತು.

"ಎಂತ, ಕೇಳ್ತಾ ಇಲ್ವಾ?"

"ಕೇಳ್ತದೆ," ಅಂದಳು. "ಸ್ವಲ್ಪ ಮೊದಲೇ ಹೇಳಿ ಬನ್ನಿ. ನಿಮ್ಮ ಮಂಚದ ಮೇಲೆಲ್ಲ ನಾನು ಹಪ್ಪಳ ಹರಡಿದ್ದೇನೆ."