ಟೇಲರ್ ಮಾನಪ್ಪಣ್ಣನ ಶಾಗಿರ್ದ

ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಚಪ್ಪಲಿ. ಸಂಜೆ ಟ್ಯೂಬ್‌ಲೈಟ್ ಹೊತ್ತಿತೆಂದರೆ ನಮ್ಮ ಮಸ್ಕಿಯ ಟೇಲರ್ ಮಾನಪ್ಪಣ್ಣನ ವೇಷ ಇದೇ. ಗೋಡೆಯ ಮೇಲೆ ಬೂದಿ ಬಣ್ಣದ ಪುಟ್ಟ ಪತಂಗ ಕೂತರೆ ಸಾಕು, ಹೊಲಿಗೆ ಬಿಟ್ಟೆದ್ದು ಬಡಿಯುತ್ತಿದ್ದ. ಆ ಬಡಿತಕ್ಕೆ ಪಕ್ಕದ ನನ್ನ ಅಂಗಡಿಯ ಬಳೆಗಳೆಲ್ಲ ಗಲಗಲ ಅನ್ನುತ್ತಿದ್ದವು.

"ಬಟ್ಟಿ ತಿನ್ನೋ ಕಳ್ಳರು ತಂಗಿ ಇವು!"

ಅದೇ ಗೋಡೆಯ ಇನ್ನೊಂದು ಹುಳದ ಮೇಲೆ ಮಾತ್ರ ಅವನಿಗೆ ಎಲ್ಲಿಲ್ಲದ ಪ್ರೀತಿ. ಕುಂಬಳಬೀಜದಂಥ ಚಪ್ಪಟೆ ಗೂಡನ್ನು ಎಳೆದುಕೊಂಡು ತೆವಳುವ ಹುಳ ಅದು. ಒಮ್ಮೆ ಈ ತುದಿಯಿಂದ ತಲೆ ಹಾಕಿದರೆ ಇನ್ನೊಮ್ಮೆ ಆ ತುದಿಯಿಂದ. ಮುಂದು ಯಾವುದು, ಹಿಂದು ಯಾವುದು ನನಗಂತೂ ತಿಳಿಯುತ್ತಿರಲಿಲ್ಲ. ಗೂಡಿನಲ್ಲಿ ದೂಳಿನ ಜೊತೆ ಅಂಗಡಿಯ ದಾರದ ಚೂರುಗಳೂ ಇರುತ್ತಿದ್ದವು.

"ನನ್ನ ಶಾಗಿರ್ದ ನೋಡು. ನನ್ನ ಕಡೆನ ಕೆಲಸ ಕಲ್ತು ತನ್ನ ಅಂಗಿ ತಾನ ಹೊಲ್ಕೊಂಡಾನ" ಎಂದು ಬೀಗುತ್ತಿದ್ದ.

ಒಂದು ಚಳಿಗಾಲ ಲಿಂಗಸುಗೂರಿನ ವ್ಯಾಪಾರಿಯೊಬ್ಬರು ಸಡಿಲ ಮಾಡಲು ಕೊಟ್ಟಿದ್ದ ಉಣ್ಣೆ ಕೋಟಿಗೆ ತೂತು ಬಿತ್ತು. "ಮಗನ ಮದವಿ ಬಟ್ಟಿ ನಿನ್ನ ಕೈಯಾಗ ಕೊಡಂಗಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೋದರು. ಹೆಸರು ಕೆಟ್ಟಿತೆಂದು ಮಾನಪ್ಪಣ್ಣ ಅವತ್ತು ಬುತ್ತಿ ಬಿಚ್ಚಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಗೂಡು ಅಲುಗಾಡಿತು. ಇಬ್ಬರೂ ನೋಡುತ್ತ ನಿಂತೆವು. ತುದಿಯಿಂದ ಹೊರಬಂದದ್ದು ಅದೇ ಬೂದಿ ಪತಂಗ!

"ಹಂಗಾರ ಕೋಟ್ ತಿಂದವರು ಯಾರು?"

ಮೊಬೈಲಿನಲ್ಲಿ ಹುಡುಕಿ ಹೇಳಿದೆ: "ಹುಳಾನ ಅಣ್ಣ. ರೆಕ್ಕಿ ಬಂದ ಮ್ಯಾಲೆ ಅವು ಏನೂ ತಿನ್ನಂಗಿಲ್ಲಂತ."

ಚಪ್ಪಲಿ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದ. "ಮತ್ತ ನಾ ಸಾಕಿದ್ದು ಯಾರನ್ನ, ಬಡದಿದ್ದು ಯಾರನ್ನ?"

ನನಗೂ ತಲೆಬುಡ ತಿಳಿಯಲಿಲ್ಲ. ನಗು ಬಂತು, ಅವನ ಮುಖ ನೋಡಿ ಪಾಪ ಅನ್ನಿಸಿತು.

ಮರುದಿನವೇ ಬಸ್ ಹತ್ತಿ ಲಿಂಗಸುಗೂರಿಗೆ ಹೋದ. ಬಂದು ಹೇಳಿದ: "ತಪ್ಪು ನನ್ನ ಶಾಗಿರ್ದನದ್ರೀ ಅಂದೆ. ಅಂಥವನ್ನ ಬಿಡಿಸಿಬಿಡು ಅಂದ್ರು. ಅಂವ ಆಗಲೇ ಹೋಗ್ಯಾನ್ರೀ ಅಂದೆ. ಮದವಿ ಬಟ್ಟಿ ಕೊಟ್ಟಾರ ತಂಗಿ!" ಖುಷಿಪಡಬೇಕೋ ನಾಚಬೇಕೋ ಅವನಿಗೇ ಗೊತ್ತಾಗಲಿಲ್ಲ. ಆಮೇಲೆ ಅವನು ಚಪ್ಪಲಿ ಎತ್ತಲಿಲ್ಲ. ಬಟ್ಟೆಗಳನ್ನು ಟ್ರಂಕಿಗೆ ಹಾಕಿಡುತ್ತಿದ್ದ.

ಹೋದ ವರ್ಷ ಮಾನಪ್ಪಣ್ಣ ತೀರಿಕೊಂಡ. ಅವನ ಹೆಂಡತಿ ಮಷಿನ್ನು ಒಯ್ಯಲು ಅಂಗಡಿ ತೆರೆದ ದಿನ ಆ ವ್ಯಾಪಾರಿ ಬಂದರು. ಸುದ್ದಿ ಕೇಳಿ ಮಷಿನ್ನಿನ ಮೇಲೆ ಕೈಯಿಟ್ಟರು. ಬಗಲಲ್ಲಿ ಹೊಸ ಬಟ್ಟೆಯ ಗಂಟಿತ್ತು.

"ಅವನ ಶಾಗಿರ್ದ ಒಬ್ಬ ಇದ್ನಲ್ಲವಾ, ಅವನಾದ್ರೂ ತಿರುಗಿ ಬಂದಾನೇನು?"

ಗೋಡೆಯ ಮೇಲೆ ನೀಲಿ ದಾರದ ಗೂಡೊಂದು ಮೆಲ್ಲಗೆ ತೆವಳುತ್ತಿತ್ತು.

"ಬಂದಾನ್ರೀ" ಎಂದುಬಿಟ್ಟೆ.